ಏಕಾದಶಿಯ ದಿನ ಅಮ್ಮನ ಮಾತ್ರೆ

ಅಮ್ಮನ ಶುಗರ್ ಮಾತ್ರೆಯ ಸ್ಟ್ರಿಪ್ ತಿರುಗಿಸಿ ನೋಡಿದರೆ ಸಣ್ಣಕ್ಷರದಲ್ಲಿ ಎರಡು ಹೆಸರುಗಳಿವೆ: ಗ್ಲಿಮೆಪಿರೈಡ್ 1 ಮಿ.ಗ್ರಾಂ, ಮೆಟ್‌ಫಾರ್ಮಿನ್ 500 ಮಿ.ಗ್ರಾಂ. ನುಂಗುವುದು ಒಂದೇ ಮಾತ್ರೆ, ಒಳಗಿರುವುದು ಎರಡು ಔಷಧ. ವ್ರತ, ಉಪವಾಸಗಳಿರುವ ಮನೆಯಲ್ಲಿ ಈ ಎರಡರ ಸ್ವಭಾವವೂ ಗೊತ್ತಿರಲೇಬೇಕು.

ಯಕೃತ್ತು ರಕ್ತಕ್ಕೆ ಬಿಡುವ ಸಕ್ಕರೆಯನ್ನು ಮೆಟ್‌ಫಾರ್ಮಿನ್ ತಗ್ಗಿಸುತ್ತದೆ. ಅದೊಂದನ್ನೇ ತೆಗೆದುಕೊಳ್ಳುವವರಿಗೆ ಸಕ್ಕರೆ ತೀರಾ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್ ಹಾಗಲ್ಲ. ಅದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ. ಹೊಟ್ಟೆಗೆ ಏನಾದರೂ ಬಿದ್ದಿದೆಯೇ ಎಂದು ಕಾಯುವುದಿಲ್ಲ. ಅದಕ್ಕೇ ಅದನ್ನು ತಿಂಡಿಯ ಜೊತೆಗೇ ತೆಗೆದುಕೊಳ್ಳಬೇಕು.

ಕಳೆದ ಆಷಾಢ ಏಕಾದಶಿಯಂದು ಅಮ್ಮ ಎಂದಿನಂತೆ ಬೆಳಿಗ್ಗೆ ಮಾತ್ರೆ ನುಂಗಿ ಉಪವಾಸ ಕುಳಿತಿದ್ದರು. ಹನ್ನೊಂದರ ಹೊತ್ತಿಗೆ ದೇವರ ಮನೆಯಲ್ಲಿ ತುಳಸಿ ಎಸಳು ಹಿಡಿಯಲಾಗದಷ್ಟು ಕೈ ನಡುಗುತ್ತಿತ್ತು, ಹೊರಗೆ ಜಡಿಮಳೆಯ ಚಳಿ, ಅವರ ಕುತ್ತಿಗೆಯಲ್ಲಿ ಬೆವರು. "ಉಪವಾಸದ ಸುಸ್ತು ಕಣೋ" ಎಂದರು. ಗ್ಲುಕೋಮೀಟರ್ 58 ತೋರಿಸಿತು. 70ಕ್ಕಿಂತ ಕೆಳಗಿಳಿದರೆ ವ್ರತ ನೋಡುತ್ತಾ ಕೂರುವಂತಿಲ್ಲ. ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿಸಿದೆ. ಹದಿನೈದು ನಿಮಿಷದ ನಂತರ 84. ಆಮೇಲೆ ಬಾಳೆಹಣ್ಣು, ಹಾಲು. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ನೇರವಾಗಿ ಆಸ್ಪತ್ರೆಗೇ ಒಯ್ಯಬೇಕು.

ಮುಂದಿನ ಸಲ ಮಾತ್ರೆಯನ್ನು ಅರ್ಧ ಮುರಿದು ಕೊಡಿ ಎಂದು ನೆರೆಯವರು ಪ್ರೀತಿಯಿಂದಲೇ ಹೇಳಿದರು. ಆದರೆ ಇಂಥ ಜೋಡಿ ಮಾತ್ರೆಗಳಲ್ಲಿ ಮೆಟ್‌ಫಾರ್ಮಿನ್ ಸಾಮಾನ್ಯವಾಗಿ ನಿಧಾನವಾಗಿ ಕರಗುವಂತೆ ಇರುತ್ತದೆ. ಮುರಿದರೆ, ಪುಡಿ ಮಾಡಿದರೆ ಆ ವ್ಯವಸ್ಥೆಯೇ ಕೆಡಬಹುದು. ನಾವು ವೈದ್ಯರನ್ನೇ ಕೇಳಿದೆವು. ಏಕಾದಶಿಯಂದು ಜೋಡಿ ಮಾತ್ರೆ ಬೇಡ, ಸಂಜೆಯ ಫಲಾಹಾರದ ಜೊತೆ ಬರಿಯ ಮೆಟ್‌ಫಾರ್ಮಿನ್ ಸಾಕು, ದ್ವಾದಶಿಯ ಪಾರಣೆಯ ಊಟದೊಂದಿಗೆ ಮೊದಲಿನಂತೆ ಎಂದು ಬರೆದುಕೊಟ್ಟರು. ಇದು ಅಮ್ಮನ ವಯಸ್ಸು, ರಿಪೋರ್ಟ್ ನೋಡಿ ಹೇಳಿದ್ದು; ನಿಮ್ಮ ಮನೆಯವರಿಗೆ ಬೇರೆ ಲೆಕ್ಕವಿರಬಹುದು. ಹಬ್ಬಕ್ಕೆ ನಾಲ್ಕು ದಿನ ಮೊದಲೇ ಕೇಳಿಟ್ಟುಕೊಳ್ಳಿ.

ಅದೇ ಭೇಟಿಯಲ್ಲಿ ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯನ್ನೂ ಮಾಡಿಸಿದರು. ಮೂತ್ರಪಿಂಡ ಸೊರಗಿದ್ದರೆ ಗ್ಲಿಮೆಪಿರೈಡ್‌ನಿಂದ ಸಕ್ಕರೆ ಇಳಿಯುವ ಅಪಾಯ ಹೆಚ್ಚು, ಮೆಟ್‌ಫಾರ್ಮಿನ್ ಪ್ರಮಾಣವನ್ನೂ ತಗ್ಗಿಸಬೇಕಾಗಬಹುದು, ನಿಲ್ಲಿಸಬೇಕಾಗಲೂಬಹುದು. ವಾಂತಿಭೇದಿ ಹಿಡಿದು ಊಟ ನಿಂತ ದಿನವೂ ಮಾತ್ರೆ ನುಂಗುವ ಮುನ್ನ ಫೋನ್ ಮಾಡಿ ಎಂದರು.