ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದ ದಿನ

ಖಿನ್ನತೆಗೆಂದು ಎಸ್ಸಿಟಲೋಪ್ರಾಮ್ ಮಾತ್ರೆ ಶುರುಮಾಡಿ ಐದು ವಾರ ಕಳೆದ ಮೇಲೂ, ಅದು ಕೆಲಸ ಮಾಡುತ್ತಿದೆಯೇ ಎಂದು ಯಾರಾದರೂ ಕೇಳಿದ್ದರೆ ನಾನು ಇಲ್ಲವೆಂದೇ ಹೇಳುತ್ತಿದ್ದೆ. ಮೊದಲ ವಾರ 5 ಮಿಲಿಗ್ರಾಂ, ಆಮೇಲೆ 10. ಮೊದಲ ಹತ್ತು ದಿನಗಳಲ್ಲಿ ನನ್ನ ಪಾಲಿಗೆ ಬಂದದ್ದು ಹೊಟ್ಟೆ ತೊಳಸುವುದು, ಬಾಯಿ ಒಣಗುವುದು ಮತ್ತು ಮೊದಲಿಗಿಂತ ಹೆಚ್ಚಾದ ಚಡಪಡಿಕೆ. ತೊಂದರೆಗಳು ಮೊದಲು ಕಾಣಿಸಿಕೊಳ್ಳುತ್ತವೆ, ಗುಣ ಎರಡರಿಂದ ನಾಲ್ಕು ವಾರ ತಡವಾಗಿ ಬರುತ್ತದೆ, ಪೂರ್ತಿ ಪರಿಣಾಮ ತಿಳಿಯಲು ಆರರಿಂದ ಎಂಟು ವಾರ ಬೇಕು, ನಡುವೆ ಚಡಪಡಿಕೆ ಮಿತಿಮೀರಿದರೆ ಅಥವಾ ಸಾಯುವ ಯೋಚನೆ ಬಂದರೆ ಕಾಯದೆ ಕೂಡಲೇ ಬರಬೇಕು ಎಂದು ಮನೋವೈದ್ಯೆ ಮೊದಲೇ ಹೇಳಿದ್ದರಿಂದ ಮಾತ್ರ ನಾನು ಅರ್ಧಕ್ಕೇ ಬಿಡಲಿಲ್ಲ.

ತಲೆನೋವಿನ ಮಾತ್ರೆ ನುಂಗಿ ಅರ್ಧ ಗಂಟೆಯಲ್ಲಿ ಏಳುವ ಅಭ್ಯಾಸದವನು ನಾನು. ಹೀಗಾಗಿ ಪ್ರತಿದಿನ ಬೆಳಿಗ್ಗೆ, ನೋಯುವ ಹಲ್ಲನ್ನು ನಾಲಿಗೆಯಿಂದ ಮುಟ್ಟಿ ಮುಟ್ಟಿ ನೋಡುವಂತೆ, ಮನಸ್ಸಿನಲ್ಲಿ ಸಂತೋಷವೇನಾದರೂ ಹುಟ್ಟಿದೆಯೇ ಎಂದು ತಡಕಾಡುತ್ತಿದ್ದೆ. ಇರುತ್ತಿರಲಿಲ್ಲ.

ಆ ಭಾನುವಾರ ಊಟಕ್ಕೆ ಕುಳಿತು ಎರಡನೆಯ ತುತ್ತಿಗೇ, "ಸಾರಿಗೆ ಉಪ್ಪು ಕಡಿಮೆಯಾಗಿದೆ" ಎಂದೆ. ಬಡಿಸುತ್ತಿದ್ದ ಹೆಂಡತಿ ಸೌಟು ಹಿಡಿದೇ ನಿಂತುಬಿಟ್ಟಳು. ಕೋಪ ಬಂತೇನೋ ಎಂದುಕೊಂಡೆ.

"ದೀಪಾವಳಿ ಆದ್ಮೇಲೆ ಊಟದ ವಿಷಯಕ್ಕೆ ನೀವು ಒಂದು ಮಾತೂ ಆಡಿರಲಿಲ್ಲ ಕಣ್ರೀ. ಹಾಕಿದ್ರಲ್ಲಿ ಅರ್ಧ ತಿಂದು ಎದ್ದು ಹೋಗ್ತಿದ್ರಿ" ಎಂದವಳು, ಅಡುಗೆಮನೆಯ ಗೋಡೆಯಿಂದ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರನ್ನೇ ಇಳಿಸಿ ತಂದಳು. ಪ್ರತಿ ಚೌಕದಲ್ಲಿ ಹಾಲಿನ ಲೆಕ್ಕದ ಕೆಳಗೆ ಪೆನ್ಸಿಲ್ಲಿನಲ್ಲಿ ಇನ್ನೊಂದು ಸಣ್ಣ ಅಂಕಿ ಇತ್ತು: ನಾನು ಹಾಸಿಗೆ ಬಿಟ್ಟು ಎದ್ದ ಹೊತ್ತು. ಮಾತ್ರೆ ಶುರುವಾದ ವಾರ 3, 3, 3.30, 3, ಕಳೆದ ವಾರ 5, 4.45, 5.15, 5.30. ಆ ಅಪರಾತ್ರಿಗಳಲ್ಲಿ ಹಾಲ್‌ನ ಕತ್ತಲಲ್ಲಿ ಕುಳಿತಿರುತ್ತಿದ್ದ ನಾನು, ಅವಳು ನಿದ್ದೆಯಲ್ಲಿದ್ದಾಳೆ ಎಂದೇ ತಿಳಿದಿದ್ದೆ.

ಆರನೆಯ ವಾರದ ಭೇಟಿಗೆ ಆ ಕ್ಯಾಲೆಂಡರೂ ಚೀಲದಲ್ಲಿ ಬಂತು. ಕಳೆದ ಎರಡು ವಾರಗಳ ಬಗ್ಗೆ ಒಂಬತ್ತು ಪ್ರಶ್ನೆಗಳಿರುವ, ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಹಾಳೆಯನ್ನು ಮತ್ತೆ ತುಂಬಿದೆ. ಪ್ರತಿ ಪ್ರಶ್ನೆಗೆ 0ಯಿಂದ 3, ಒಟ್ಟು 27. ಅಂಕ ಹೆಚ್ಚಿದಷ್ಟೂ ಖಿನ್ನತೆ ಹೆಚ್ಚು. ಮೊದಲ ಸಲ 19 ಇದ್ದದ್ದು, ಮೂರನೆಯ ವಾರ 17 ಆಗಿ ನನ್ನನ್ನು ನಿರಾಶೆಗೊಳಿಸಿದ್ದು, ಈಗ 9ಕ್ಕೆ ಇಳಿದಿತ್ತು. "ಆದರೆ ಖುಷಿ ಅಂತ ಏನೂ ಅನ್ನಿಸ್ತಿಲ್ಲ ಮೇಡಂ" ಎಂದೆ. ಅವರು ಹಾಳೆಗಿಂತ ಹೆಚ್ಚು ಹೊತ್ತು ಕ್ಯಾಲೆಂಡರನ್ನೇ ನೋಡಿದರು. ನಿದ್ದೆ, ಹಸಿವು, ಓಡಾಟ ಸಾಮಾನ್ಯವಾಗಿ ಮೊದಲು ಸುಧಾರಿಸುತ್ತವೆ, ಮನಸ್ಸು ಹಿಂದಿನಿಂದ ಬರುತ್ತದೆ. ಎಷ್ಟೋ ಸಲ ರೋಗಿಗಿಂತ ಮನೆಯವರಿಗೇ ಅದು ಮೊದಲು ಕಾಣುತ್ತದೆ ಎಂದರು. ಅಂಕ ಮೊದಲಿನದರ ಅರ್ಧಕ್ಕಿಂತ ಕೆಳಗಿಳಿದರೆ ಔಷಧಿ ಹಿಡಿದಿದೆ ಎಂದರ್ಥ, ಆದರೆ 5ಕ್ಕಿಂತ ಕೆಳಗೆ ಬರುವವರೆಗೆ ಕಾಯಿಲೆ ಹೋಯಿತೆನ್ನುವ ಹಾಗಿಲ್ಲ. ಯಾವುದರಲ್ಲೂ ಆಸಕ್ತಿಯಿಲ್ಲ ಎಂಬ ಮೊದಲ ಪ್ರಶ್ನೆಗೆ ನಾನು ಆಗಲೂ 2 ಎಂದೇ ಗುರುತು ಹಾಕಿದ್ದೆ. ಅದಕ್ಕೆ ಅವರು ಬೆರಳಿಟ್ಟು ತೋರಿಸಿದರು.

ಪ್ರಮಾಣವನ್ನು 10ರಲ್ಲೇ ಉಳಿಸಿ, ನಾಲ್ಕು ವಾರ ಬಿಟ್ಟು ಬರಲು ಹೇಳಿದರು. ಪೂರ್ತಿ ಸರಿಯಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕು, ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ಕರೆಂಟ್ ಹೊಡೆದಂಥ ಅನುಭವ ಆಗಬಹುದು ಎಂದು ಎಚ್ಚರಿಸಿ ಚೀಟಿ ನನ್ನ ಕೈಗಿತ್ತು, ಕ್ಯಾಲೆಂಡರನ್ನು ಜೊತೆಗೆ ಬಂದಿದ್ದ ಹೆಂಡತಿಗೆ ಕೊಡುತ್ತಾ, "ಬರೆಯೋದು ನಿಲ್ಲಿಸಬೇಡಿ" ಎಂದರು.