‘ಯಾವ್ದಾದ್ರೂ ಸ್ಕಾಲರ್‌ಶಿಪ್ ಸಿಗ್ತದ್ಯಾ?’ ಎಂದು ಜೂನ್‌ನಲ್ಲಿ ಕೇಳುವವರಿಗೆ

ಅಂಕೋಲೆಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಆನ್‌ಲೈನ್ ಅರ್ಜಿಗಳನ್ನೂ ತುಂಬಿಕೊಡುತ್ತೇನೆ. ಮಳೆ ಹಿಡಿದುಕೊಳ್ಳುವ ಹೊತ್ತಿಗೆ ಜನ ಬರಲು ಶುರುವಾಗುತ್ತಾರೆ. ಪಿಯುಸಿ ಮಾರ್ಕ್ಸ್‌ಕಾರ್ಡು ಪ್ಲಾಸ್ಟಿಕ್ ಕೊಟ್ಟೆಯೊಳಗೆ ಇರುತ್ತದೆ. ಕೇಳುವುದು ಒಂದೇ ಮಾತು. "ತಂಗಿ, ಇವಳಿಗೆ ಯಾವ್ದಾದ್ರೂ ಸ್ಕಾಲರ್‌ಶಿಪ್ ಸಿಗ್ತದ್ಯಾ? ಸುಮ್ನೆ ಒಂದು ಅರ್ಜಿ ಹಾಕಿಬಿಡು. ಬಂದ್ರೆ ಬರ್ಲಿ."

ಹೇಳಿ ಹೇಳಿ ಸಾಕಾಗಿದೆ. ಹಿಂದೆ ಹತ್ತು ಜನ ಕೊಡೆ ಹಿಡಿದು ನಿಂತಿರುವಾಗ ಪೂರ್ತಿ ಹೇಳಲಿಕ್ಕೂ ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಸಿಗುತ್ತದೆ. ಆದರೆ ನೀವು ಬರಬೇಕಾಗಿದ್ದು ಮಗು ಎಂಟನೇ ಕ್ಲಾಸಿನಲ್ಲಿದ್ದಾಗ.

ಹೀಗೆ ಹೇಳಿದರೆ ಕೆಲವರಿಗೆ ಬೇಜಾರಾಗುತ್ತದೆ. "ನೀನು ಮೊದ್ಲೇ ಹೇಳ್ಬೇಕಿತ್ತು" ಎನ್ನುತ್ತಾರೆ. ಮೊದಲು ನೀವು ಬಂದಿದ್ದರೆ ತಾನೇ ಹೇಳುವುದು? ರೇಷನ್ ಕಾರ್ಡಿನ ಝೆರಾಕ್ಸಿಗೆ ಬಂದವರನ್ನು ನಿಲ್ಲಿಸಿ ನಿಮ್ಮ ಮಗಳು ಎಷ್ಟನೇ ಕ್ಲಾಸು ಎಂದು ನಾನು ಕೇಳುವುದುಂಟು. "ಅವ್ಳಿನ್ನೂ ಸಣ್ಣೋಳು" ಎನ್ನುವ ಉತ್ತರ ಬರುತ್ತದೆ.

ನನಗೆ ಸಿಟ್ಟು ತರಿಸುವುದು ‘ಬಂದ್ರೆ ಬರ್ಲಿ’ ಎನ್ನುವ ಮಾತು. ಇದೇನು ಲಾಟರಿ ಟಿಕೆಟ್ಟಾ? ಪ್ರತಿಯೊಂದು ಸ್ಕಾಲರ್‌ಶಿಪ್ಪಿಗೂ ನಿಯಮ ಇದೆ, ಕೊನೆಯ ತಾರೀಖು ಇದೆ. ಮಗು ಓದಿದೆ, ಬರೆದಿದೆ, ಮಾರ್ಕ್ಸ್ ತೆಗೆದಿದೆ. ಅದರ ಕೆಲಸ ಅದು ಮಾಡಿದೆ. ಕಾಗದದ ಕೆಲಸ ನಮ್ಮದು, ದೊಡ್ಡವರದ್ದು. ಅದನ್ನು ನಸೀಬಿನ ಮೇಲೆ ಬಿಟ್ಟರೆ ಹೇಗೆ?

ಕೆಲವು ವರ್ಷದ ಹಿಂದೆ ಬೆಳಂಬಾರದ ಕಡೆಯಿಂದ ಒಬ್ಬಳು ಅಕ್ಕ ಬಂದಿದ್ದಳು. ಮೀನು ಮಾರುವವಳು. ಜೊತೆಗೆ ಮಗಳು. ಹುಡುಗಿಗೆ ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕು. ಮಾಜಾಳಿಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಫೀಸು ತುಂಬಲಿಕ್ಕೆ ಮೂರೇ ದಿನ ಉಳಿದಿತ್ತು. ನಾನು ಅರ್ಜಿ ತುಂಬುತ್ತಾ, ಹಿಂದೆ ಯಾವುದಾದರೂ ಸ್ಕಾಲರ್‌ಶಿಪ್ ಬಂದಿತ್ತಾ ಎಂದು ಕೇಳಿದೆ. ಹುಡುಗಿ ಮೆಲ್ಲಗೆ ಹೇಳಿದಳು, "ಎನ್‌ಎಂಎಂಎಸ್ ಪಾಸಾಗಿದ್ದೆ. ಒಂಬತ್ತನೇ ಕ್ಲಾಸಿನಲ್ಲಿ ಒಂದ್ಸಲ ದುಡ್ಡು ಬಂತು. ಆಮೇಲೆ ಬರ್ಲಿಲ್ಲ."

ಎನ್‌ಎಂಎಂಎಸ್ ಎಂದರೆ ಕೇಂದ್ರ ಸರ್ಕಾರದ ಸ್ಕಾಲರ್‌ಶಿಪ್. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳು ಎಂಟನೇ ಕ್ಲಾಸಿನಲ್ಲಿ ಅದರ ಪರೀಕ್ಷೆ ಬರೆಯುತ್ತಾರೆ. ಮನೆಯ ವರ್ಷದ ಆದಾಯ 3.5 ಲಕ್ಷದ ಒಳಗಿರಬೇಕು. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ನಾಲ್ಕು ವರ್ಷಕ್ಕೆ 48,000. ಆದರೆ ಪ್ರತಿ ವರ್ಷ ಆನ್‌ಲೈನ್‌ನಲ್ಲಿ ರಿನ್ಯೂವಲ್ ಮಾಡಬೇಕು. ಇವರ ಮನೆಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಒಮ್ಮೆ ಪಾಸಾದರೆ ಸಾಕು, ತನ್ನಷ್ಟಕ್ಕೆ ಬರುತ್ತದೆ ಎಂದುಕೊಂಡಿದ್ದರು. 36,000 ರೂಪಾಯಿ ಹೋಯಿತು.

ಆ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ "ಬರ್ಲಿಲ್ಲ ಅಲ್ವಾ, ಹೋಗ್ಲಿ ಬಿಡು" ಎಂದಳು. ಜೂನ್ ಒಂದರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟು ದಡದಲ್ಲಿ, ಅವಳ ಬುಟ್ಟಿ ಮನೆಯಲ್ಲಿ. ಕೈಯಲ್ಲಿ ಒಂದು ರೂಪಾಯಿ ಓಡಾಡದ ಎರಡು ತಿಂಗಳಲ್ಲೇ ಮಗಳ ಫೀಸು. ಮರುದಿನ ಬಂದಾಗ ಕಿವಿಯಲ್ಲಿ ಬೆಂಡೋಲೆ ಇರಲಿಲ್ಲ. ಸೊಸೈಟಿಯಲ್ಲಿ ಅಡ ಇಟ್ಟಿದ್ದಳು. ಅವತ್ತಿನಿಂದ ‘ಬಂದ್ರೆ ಬರ್ಲಿ’ ಎಂದು ಯಾರಾದರೂ ಹೇಳಿದರೆ ನನಗೆ ಆ ಬರಿಗಿವಿ ನೆನಪಾಗುತ್ತದೆ.

ಇನ್ನೊಂದು ಮಾತು ಪದೇ ಪದೇ ಕೇಳುತ್ತೇನೆ. "ನಮ್ಮ ಜಾತಿಗೆಲ್ಲ ಸಿಗೂದಿಲ್ಲ ಬಿಡು." ಯಾರು ಹೇಳಿದರು? ಎನ್‌ಎಂಎಂಎಸ್ ಎಲ್ಲ ಜಾತಿಯವರಿಗೂ ಇದೆ. ಇಂಜಿನಿಯರಿಂಗ್, ಡಿಪ್ಲೊಮಾಕ್ಕೆ ಸೇರುವ ಹೆಣ್ಣುಮಕ್ಕಳಿಗೆ ಎಐಸಿಟಿಇಯ (ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ) ಪ್ರಗತಿ ಸ್ಕಾಲರ್‌ಶಿಪ್ ಇದೆ, ವರ್ಷಕ್ಕೆ 50,000. ಆದಾಯ 8 ಲಕ್ಷದ ಒಳಗಿದ್ದರೆ ಆಯಿತು, ಒಂದು ಮನೆಯ ಇಬ್ಬರು ಹುಡುಗಿಯರಿಗೆ ಸಿಗಬಹುದು. ಅದೇ 8 ಲಕ್ಷದ ಮಿತಿಯಲ್ಲಿ ಇಂಜಿನಿಯರಿಂಗ್‌ಗೆ ಎಸ್‌ಎನ್‌ಕ್ಯೂ ಎಂಬ ಕೋಟಾ ಇದೆ. 5% ಹೆಚ್ಚುವರಿ ಸೀಟು, ಟ್ಯೂಷನ್ ಫೀಸು ಮಾಫಿ. ಇವು ಮೆರಿಟ್ ಮೇಲೆ ಹೋಗುತ್ತವೆ, ಎಲ್ಲರಿಗೂ ಸಿಗುವುದಿಲ್ಲ, ನಿಜ. ಆದರೆ ಅರ್ಜಿಯನ್ನೇ ಹಾಕದಿದ್ದರೆ?

ಹಿಂದುಳಿದ ವರ್ಗದ, ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ಸ್ಕಾಲರ್‌ಶಿಪ್ ಅರ್ಜಿ ಹಾಕಲಿಕ್ಕೆ ರಾಜ್ಯದ ಎಸ್‌ಎಸ್‌ಪಿ (ಸ್ಟೇಟ್ ಸ್ಕಾಲರ್‌ಶಿಪ್ ಪೋರ್ಟಲ್) ಇದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ಊಟ, ವಸತಿಗೆಂದು ದುಡ್ಡು ಕೊಡುವ ವಿದ್ಯಾಸಿರಿಯೂ ಇದೆ.

ಈಗ ಹೆಸರಿನ ವಿಷಯ. ಜಾಸ್ತಿ ಜನ ಸಿಕ್ಕಿಬೀಳುವುದು ಇಲ್ಲೇ. ನಮ್ಮ ಕಡೆ ಮಗುವಿನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರೂ ಸೇರಿ ಬರೆಯುವ ರೂಢಿ. ಶಾಲೆಯಲ್ಲಿ ಮೂರೂ ಇರುತ್ತವೆ, ಆಧಾರಿನಲ್ಲಿ ಒಂದೇ ಇರುತ್ತದೆ. ಶಾಲೆಯಲ್ಲಿ ನಾಯ್ಕ, ಆಧಾರಿನಲ್ಲಿ ನಾಯಕ. ಊರಿನಲ್ಲಿ ಇದು ಗೊತ್ತಾಗುತ್ತದೆ. ಕಂಪ್ಯೂಟರಿಗೆ ಅವರು ಇಬ್ಬರು ಬೇರೆ ಬೇರೆ ಮನುಷ್ಯರು. ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡಿನಲ್ಲಿ ಒಮ್ಮೆ ಪ್ರಿಂಟಾದ ಮೇಲೆ ಹೆಸರು ತಿದ್ದಿಸುವುದು ದೊಡ್ಡ ತಾಪತ್ರಯ. ಎಂಟು, ಒಂಬತ್ತರಲ್ಲಿ ಮಾಸ್ತರಿಗೋ ಅಕ್ಕೋರಿಗೋ ಹೇಳಿದರೆ ಸುಲಭದಲ್ಲಿ ಆಗುತ್ತದೆ.

ಪಾಸ್‌ಬುಕ್ಕೂ ಹಾಗೇ. ಈಗಲೂ ಸಿಂಡಿಕೇಟ್ ಬ್ಯಾಂಕಿನ, ವಿಜಯಾ ಬ್ಯಾಂಕಿನ ಪಾಸ್‌ಬುಕ್ ತರುತ್ತಾರೆ. ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ 2020ರಲ್ಲಿ ಕೆನರಾ ಬ್ಯಾಂಕಿಗೆ ಸೇರಿಹೋಗಿದೆ. ಆಧಾರ್ ಮೂಲಕ ಬರುವ ದುಡ್ಡು ನೀವು ಕೊನೆಗೆ ಯಾವ ಖಾತೆಗೆ ಆಧಾರ್ ಜೋಡಿಸಿದ್ದೀರೋ ಅಲ್ಲಿಗೆ ಹೋಗುತ್ತದೆ. ಅದು ಯಾವುದು ಎಂದು ಬ್ಯಾಂಕಿಗೆ ಹೋಗಿ ಕೇಳಿ. ಮಗುವಿನ ಹೆಸರಿನಲ್ಲೇ ಖಾತೆ ಇರಲಿ.

ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ. ಆದಾಯದ್ದು ಐದು ವರ್ಷ ನಡೆಯುತ್ತದೆ. ಎಂಟನೇ ಕ್ಲಾಸಿಗೆ ಮಾಡಿಸಿದ್ದು ಪಿಯುಸಿ ಮುಗಿಯುವಾಗ ಮುಗಿದಿರುತ್ತದೆ, ಆಗ ಹೊಸದು ಬೇಕು. ಅದರ ಮೇಲೆ ಆರ್‌ಡಿ ಎಂದು ಶುರುವಾಗುವ ನಂಬರನ್ನು ಗೋಡೆಯ ಕ್ಯಾಲೆಂಡರಿನಲ್ಲಾದರೂ ಬರೆದಿಡಿ.

ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ 15%, ಕನ್ನಡ ಮಾಧ್ಯಮ 5%. ಎರಡಕ್ಕೂ ಒಂದರಿಂದ ಹತ್ತನೇ ಕ್ಲಾಸಿನ ಲೆಕ್ಕ. ಒಬ್ಬ ಹುಡುಗ ಹತ್ತೂ ವರ್ಷ ಕನ್ನಡದಲ್ಲೇ ಓದಿ, ಅರ್ಜಿಯಲ್ಲಿ ‘ಇಲ್ಲ’ ಎಂದು ಒತ್ತಿದ್ದ. ಪಿಯುಸಿ ಇಂಗ್ಲಿಷಿನಲ್ಲಿ ಓದಿದರೆ ಅದು ಸಿಗುವುದಿಲ್ಲ ಎಂದು ಯಾರೋ ಹೇಳಿದ್ದರಂತೆ. ರ‍್ಯಾಂಕು ಬಂದ ಮೇಲೆ ನನ್ನ ಹತ್ತಿರ ಬಂದ. ತಿದ್ದುಪಡಿಗೆ ಕೊಟ್ಟ ದಿನಗಳು ಮುಗಿದಿದ್ದವು. ನಮ್ಮ ಮಕ್ಕಳು ನಾಲ್ಕನೆಯದರ ತನಕ ಒಂದು ಶಾಲೆ, ಏಳರ ತನಕ ಇನ್ನೊಂದು, ಹೈಸ್ಕೂಲು ಮತ್ತೊಂದು ಕಡೆ ಓದಿರುತ್ತಾರೆ. ಎಲ್ಲ ಕಡೆಯ ಹೆಡ್‌ಮಾಸ್ತರರ ಸಹಿ ಬೇಕು, ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ. ಎಸ್ಸೆಸ್ಸೆಲ್ಸಿ ಮುಗಿದ ವರ್ಷವೇ ಆ ವ್ಯಾಸಂಗ ಪ್ರಮಾಣಪತ್ರಗಳನ್ನು ಮಾಡಿಸಿ ಇಟ್ಟುಕೊಳ್ಳಿ.

ಇಷ್ಟೆಲ್ಲ ಹೇಳಿದರೂ, ಯಾರೂ ಕೇಳದ ಪ್ರಶ್ನೆ ಒಂದಿದೆ. ನನಗೆ ಬೇಕಾದದ್ದು ಅದು. ‘ಸೀಟು ಸಿಕ್ಕ ದಿನ ನಮ್ಮ ಕೈಯಲ್ಲಿ ಎಷ್ಟು ಇರಬೇಕು?’

ಯಾಕೆಂದರೆ ಸ್ಕಾಲರ್‌ಶಿಪ್ ಆಮೇಲೆ ಬರುವ ದುಡ್ಡು. ಸೇರಿದ ಮೇಲೆ ಅರ್ಜಿ, ಕಾಲೇಜಿನವರ ಪರಿಶೀಲನೆ, ಇಲಾಖೆಯ ಮಂಜೂರಾತಿ. ತಿಂಗಳುಗಟ್ಟಲೆ ಹಿಡಿಯುತ್ತದೆ. ಫೀಸು ಮಾತ್ರ ಇವತ್ತೇ ಕಟ್ಟಬೇಕು. ಬೆಂಡೋಲೆ ಹೋಗುವುದು ಆ ಮಧ್ಯದ ತಿಂಗಳುಗಳಲ್ಲಿ. ಶಿಕ್ಷಣ ಸಾಲ ಇದೆ, 4 ಲಕ್ಷದವರೆಗೆ ಅಡಮಾನ ಕೇಳುವುದಿಲ್ಲ. ಅದಕ್ಕೂ ಓಡಾಟ ಇದೆ, ದಿನ ಹಿಡಿಯುತ್ತದೆ.

ಪೋಸ್ಟ್ ಆಫೀಸಿನ ಆರ್‌ಡಿ, ಅಂದರೆ ತಿಂಗಳು ತಿಂಗಳು ಕಂತು ಕಟ್ಟುವ ಉಳಿತಾಯ, ಐದು ವರ್ಷದ್ದು. ತಿಂಗಳಿಗೆ 100 ರೂಪಾಯಿಯಿಂದ ಶುರು ಮಾಡಬಹುದು. ಈಗ ಬೆರಳು ಮಡಚಿ ಲೆಕ್ಕ ಹಾಕಿ. ಎಂಟು, ಒಂಬತ್ತು, ಹತ್ತು, ಪಿಯುಸಿ ಒಂದು, ಎರಡು. ಐದು ವರ್ಷ! ಎಂಟನೇ ಕ್ಲಾಸು ಶುರುವಾಗುವ ಜೂನ್‌ನಲ್ಲಿ ತೆರೆದ ಆರ್‌ಡಿ ಕಾಲೇಜು ಸೇರುವ ಜೂನ್‌ನಲ್ಲೇ ಕೈಗೆ ಬರುತ್ತದೆ. ತಿಂಗಳಿಗೆ 500 ಕಟ್ಟಿದರೆ ಅಸಲೇ 30,000, ಮೇಲೆ ಬಡ್ಡಿ. ಎನ್‌ಎಂಎಂಎಸ್ ಬಂತೆಂದರೆ ಕಂತಿನ ದುಡ್ಡು ಬಹುಪಾಲು ಅದರಲ್ಲೇ ಹೊರಟುಹೋಗುತ್ತದೆ. ಮೀನು ನಿಷೇಧದ ತಿಂಗಳಲ್ಲೂ ಆ ದುಡ್ಡು ಇರುತ್ತದೆ. ಹುಡುಗಿಗೆ ಸಣ್ಣವಳಿರುವಾಗಲೇ ಸುಕನ್ಯಾ ಸಮೃದ್ಧಿ ಎಂಬ ಉಳಿತಾಯ ಖಾತೆ ಮಾಡಿಸಿದ್ದರೆ, ಹತ್ತನೇ ಕ್ಲಾಸು ಪಾಸಾದ ಮೇಲೆ ಓದಿಗೆಂದು ಅರ್ಧದವರೆಗೆ ತೆಗೆಯಲೂ ಬರುತ್ತದೆ.

ಎಂಟನೇ ಕ್ಲಾಸಿನ ಮಗು ಮನೆಯಲ್ಲಿದ್ದರೆ ಒಂದು ಮಧ್ಯಾಹ್ನ ಕರೆದುಕೊಂಡು ಬನ್ನಿ. ಎರಡರಿಂದ ನಾಲ್ಕರ ತನಕ ಅಂಗಡಿಯಲ್ಲಿ ಗಿರಾಕಿ ಕಮ್ಮಿ. ಆಧಾರ್, ಪಾಸ್‌ಬುಕ್, ಶಾಲೆಯಲ್ಲಿ ಬರೆಸಿದ ಹೆಸರು, ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ ಹೇಳುತ್ತೇನೆ. ಇದಕ್ಕೆ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ.