ಸೌಇನ್‌ಗೆ ನಿಮ್ಮ ಮನೇಲಿ ಏನು ಮಾಡ್ತೀರಿ?

ಅಕ್ಟೋಬರ್ ಮೂರನೇ ವಾರ ಬಂತೆಂದರೆ ಈ ಪ್ರಶ್ನೆ ಶುರು. ಐರ್ಲೆಂಡಿನ ಡಬ್ಲಿನ್ನಿಗೆ ಹೊಸದಾಗಿ ಬಂದ ಕನ್ನಡದವರು ಕೇಳುತ್ತಾರೆ, ಬೆಂಗಳೂರಿನಿಂದ ಅಕ್ಕ ಫೋನಿನಲ್ಲಿ ಕೇಳುತ್ತಾಳೆ: "ಅದೇನೋ ಸಂಹೇನ್ ಅಂತೆ, ದೆವ್ವದ ಹಬ್ಬ ಅಲ್ವಾ? ಮಕ್ಕಳನ್ನ ಕೂರಿಸ್ಕೊಂಡು ಮನೇಲಿ ಏನು ಮಾಡ್ತೀರಿ?"

ಮೊದಲು ಉಚ್ಚಾರ ಸರಿ ಮಾಡಿಬಿಡೋಣ. ಸಂಹೇನ್ ಅಲ್ಲ, ಸೌಇನ್. ಹ್ಯಾಲೋವೀನ್‌ಗೆ ಮೂಲವಾದ ಐರ್ಲೆಂಡಿನ ಹಳೆಯ ಹಬ್ಬ. ಐರಿಷ್ ಭಾಷೆಯಲ್ಲಿ ನವೆಂಬರ್ ತಿಂಗಳ ಹೆಸರೂ ಇದೇ. ಸುಗ್ಗಿ ಮುಗಿದು, ಬೇಸಿಗೆಯಿಡೀ ಗುಡ್ಡದಲ್ಲಿ ಮೇದ ದನ ಕೊಟ್ಟಿಗೆಗೆ ಇಳಿಯುವ ಕಾಲ. ವರ್ಷದ ಕತ್ತಲ ಅರ್ಧ ಇಲ್ಲಿಂದ ಶುರು. ಹಳೆಯ ಲೆಕ್ಕದಲ್ಲಿ ದಿನ ಹುಟ್ಟುವುದೇ ಹೊತ್ತು ಮುಳುಗಿದಾಗ. ಹಾಗಾಗಿ ನವೆಂಬರ್ 1ರ ಹಬ್ಬ ಅಕ್ಟೋಬರ್ 31ರ ಸಂಜೆಗೇ ಮನೆಯೊಳಗೆ ಕಾಲಿಡುತ್ತದೆ. ಆ ರಾತ್ರಿ ಆ ಲೋಕದ ಬಾಗಿಲು ತೆರೆದಿರುತ್ತದೆ ಎಂದು ನಂಬಿಕೆ. ದೆವ್ವಗಳು ಬರುತ್ತವೆ, ನಿಜ. ಮನೆಯ ಹಿರಿಯರೂ ಬರುತ್ತಾರೆ. ಅಂಗಡಿಯ ಪ್ಲಾಸ್ಟಿಕ್ ಅಸ್ಥಿಪಂಜರಕ್ಕೆ ಈ ಎರಡನೆಯ ಮಾತು ಗೊತ್ತಿಲ್ಲ.

ನಮ್ಮ ಮನೆಯಲ್ಲಿ ಬೇಕಾಗುವುದು ಒಂದು ಗಡ್ಡೆ, ಒಂದು ಊಟ, ಒಂದು ಹೆಚ್ಚಿನ ತಟ್ಟೆ.

ಗಡ್ಡೆ ಅಂದರೆ ಟರ್ನಿಪ್, ಮುಖ ಕೊರೆದು ಒಳಗೆ ದೀಪ ಇಡುವುದಕ್ಕೆ. ಕುಂಬಳಕಾಯಿ ಅಮೆರಿಕಕ್ಕೆ ಹೋದ ಐರಿಷರು ಅಲ್ಲಿ ಕಂಡುಕೊಂಡ ಸುಲಭದ ದಾರಿ. ಇಲ್ಲಿ ಮೊದಲು ಕೊರೆಯುತ್ತಿದ್ದದ್ದು ಟರ್ನಿಪ್ಪನ್ನೇ. ಮೇಯೋ ಕೌಂಟಿಯ ಟರ್ಲೋದಲ್ಲಿರುವ ಗ್ರಾಮಜೀವನದ ವಸ್ತುಸಂಗ್ರಹಾಲಯದಲ್ಲಿ ಅಂಥ ಹಳೆಯ ದೀಪವೊಂದರ ಅಚ್ಚು ತೆಗೆದ ಪ್ರತಿ ಇದೆ. ಡೊನೆಗಾಲ್ ಕಡೆಯದು. ಸುಕ್ಕುಗಟ್ಟಿದ ಮುಖ, ಮುರುಕು ಹಲ್ಲು. ಅದರ ಮುಂದೆ ಕುಂಬಳಕಾಯಿ ಹಸುಗೂಸು. ಆದರೆ ಒಂದು ಎಚ್ಚರಿಕೆ: ಈ ಗಡ್ಡೆ ನವಿಲುಕೋಸಿಗಿಂತ ಹತ್ತು ಪಟ್ಟು ಹಟಮಾರಿ. ಮೊದಲ ವರ್ಷ ಚಾಕು ಹಿಡಿದು ಹೊರಟವನು ಬೆರಳಿಗೆ ಪಟ್ಟಿ ಸುತ್ತಿಕೊಂಡು ಕೂತೆ. ತಲೆ ಕತ್ತರಿಸಿ, ಒಳಗಿನದನ್ನು ಗಟ್ಟಿ ಚಮಚದಲ್ಲಿ ಕೆರೆಯಿರಿ. ಕೆರೆದದ್ದನ್ನು ಸಾಂಬಾರಿಗೆ ಹಾಕಿ. ಮೇಣದಬತ್ತಿ ಹಚ್ಚಿದ ಮೇಲೆ ಸುಟ್ಟ ಗಡ್ಡೆಯ ವಾಸನೆ ಮನೆಯೆಲ್ಲ ತುಂಬುತ್ತದೆ. ನನ್ನ ಹೆಂಡತಿಗೆ ಅದು ಆಗಿಬರುವುದಿಲ್ಲ, ಆದ್ದರಿಂದ ಅದಕ್ಕೆ ಕಿಟಕಿಯ ಹೊರಗೆ ಜಾಗ.

ಊಟಕ್ಕೆ ಕಾಲ್ಕ್ಯಾನನ್. ಬೇಯಿಸಿ ಹಿಸುಕಿದ ಆಲೂಗಡ್ಡೆಗೆ ಎಲೆಕೋಸು ಅಥವಾ ಕೇಲ್ ಸೊಪ್ಪು, ಹಾಲು, ಈರುಳ್ಳಿಸೊಪ್ಪು. ನಡುವೆ ಗುಳಿ ತೋಡಿ ಬೆಣ್ಣೆ ಇಡುತ್ತಾರೆ, ಅಂಚಿನಿಂದ ತೆಗೆದು ಬೆಣ್ಣೆಗೆ ಅದ್ದಿ ತಿನ್ನಬೇಕು. ವಿಡಿಯೊ ಕಾಲ್‌ನಲ್ಲಿ ನೋಡಿದ ಅಮ್ಮ ಕೇಳಿದ್ದು ಒಂದೇ: "ಒಗ್ಗರಣೆ ಇಲ್ವೇನೋ?" ಇಲ್ಲ. ಹಾಕಲೂ ಬೇಡಿ, ಆಮೇಲೆ ಅದು ಪಲ್ಯವಾಗಿಬಿಡುತ್ತದೆ.

ಊಟವಾದ ಮೇಲೆ ಬಾರ್ಮ್‌ಬ್ರ್ಯಾಕ್, ಒಣದ್ರಾಕ್ಷಿಯ ಬ್ರೆಡ್ಡು. ಇದು ಮಕ್ಕಳ ಪಾಲಿನ ಹಬ್ಬ. ಹಿಂದೆ ಒಳಗೆ ಉಂಗುರ, ನಾಣ್ಯ, ಬಟ್ಟೆಚೂರು, ಬಟಾಣಿ, ಕಡ್ಡಿ ಅಡಗಿಸುತ್ತಿದ್ದರು. ಉಂಗುರ ಸಿಕ್ಕಿದರೆ ಮದುವೆ, ನಾಣ್ಯಕ್ಕೆ ದುಡ್ಡು, ಬಟ್ಟೆಚೂರಿಗೆ ಬಡತನ. ಅಂಗಡಿಯದ್ದರಲ್ಲಿ ಈಗಲೂ ಉಂಗುರ ಇರುತ್ತದೆ. ಮನೆಯಲ್ಲೇ ಮಾಡಿದರೆ ನಾಣ್ಯವನ್ನು ಕಾಗದದಲ್ಲಿ ಸುತ್ತಿಡಿ, ತೀರಾ ಪುಟ್ಟ ಮಕ್ಕಳಿದ್ದರೆ ಆ ಉಸಾಬರಿಯೇ ಬೇಡ. ಕಳೆದ ಸಲ ಬಟ್ಟೆಚೂರು ಬಂದದ್ದು ನನ್ನ ಪಾಲಿಗೆ. ಮನೆಸಾಲದವರಿಗೆ ಮೊದಲೇ ತಿಳಿದಿತ್ತೇನೋ.

ನನಗೆ ಇಷ್ಟವಾದದ್ದು ಇದರ ನಂತರದ್ದು. ಮೀತ್ ಕೌಂಟಿಯ ಅಥ್‌ಬಾಯ್ ಬಳಿ ವಾರ್ಡ್ ಗುಡ್ಡ ಅಂತಿದೆ. ಸೌಇನ್ ರಾತ್ರಿ ಐರ್ಲೆಂಡಿನ ಒಲೆಗಳನ್ನೆಲ್ಲ ಆರಿಸಿ, ಆ ಗುಡ್ಡದ ಬೆಂಕಿಯಿಂದಲೇ ಮತ್ತೆ ಹೊತ್ತಿಸಬೇಕಿತ್ತು ಎಂದು 17ನೇ ಶತಮಾನದ ಇತಿಹಾಸಕಾರನೊಬ್ಬ ಬರೆದಿದ್ದಾನೆ. ನಮ್ಮದು ಗ್ಯಾಸಿನ ಹೀಟಿಂಗ್ ಇರುವ ಸಾಲುಮನೆ, ಗುಡ್ಡಕ್ಕೆಲ್ಲಿ ಹೋಗುವುದು? ಮನೆಯ ದೀಪಗಳನ್ನೆಲ್ಲ ಆರಿಸುತ್ತೇವೆ. ಫೋನು, ಟೀವಿ, ವೈಫೈ ಡಬ್ಬಿಯ ಕಣ್ಣು ಕೂಡ. ಚಳಿಗಾಲಕ್ಕೆಂದು ದೇಶವಿಡೀ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ವಾರವದು, ಐದಕ್ಕೆಲ್ಲ ಹೊತ್ತು ಮುಳುಗಿರುತ್ತದೆ, ಕತ್ತಲಿಗೆ ಬರವಿಲ್ಲ. ಐದು ನಿಮಿಷ ಹಾಗೇ ಕೂರುವುದು. ಆಮೇಲೆ ಮಗಳು ಒಂದು ಬತ್ತಿ ಹಚ್ಚುತ್ತಾಳೆ, ಅದರಿಂದ ಉಳಿದವು.

ಆ ಬೆಳಕಿನಲ್ಲಿ ಹೆಚ್ಚಿನ ತಟ್ಟೆಗೆ ಬಡಿಸುತ್ತೇವೆ. ಸತ್ತವರಿಗೆ ಒಂದು ಜಾಗ ಬಿಡುವುದು ಇಲ್ಲಿನ ಹಳ್ಳಿಗಳ ಹಳೆಯ ರೂಢಿ. "ಓ, ಪಿತೃಪಕ್ಷದ ಎಡೆ!" ಅನ್ನುತ್ತಾರೆ ಎಲ್ಲರೂ. ನನಗೂ ಹಾಗೇ ಅನಿಸಿತ್ತು. ಆದರೆ ನಮ್ಮಲ್ಲಿ ಎಡೆಗೆ ತಿಥಿ ಉಂಟು, ಕ್ರಮ ಉಂಟು. ಇಲ್ಲಿ ಬಾಗಿಲ ಚಿಲಕ ತೆಗೆದಿಟ್ಟು, ಒಲೆಯಲ್ಲಿ ಕೆಂಡ ಉಳಿಸಿ ಮನೆಯವರು ಮಲಗಿಬಿಡುತ್ತಿದ್ದರು. ಬಂದವರು ಬಂದು ಬೆಚ್ಚಗೆ ಕೂತು ಹೋಗಲಿ ಅಂತ. ಎರಡನ್ನೂ ಒಂದೇ ಅಂದುಬಿಟ್ಟರೆ ಎರಡಕ್ಕೂ ಅನ್ಯಾಯ. ನಾವು ಅಜ್ಜನ ಒಂದು ಕಥೆ ಹೇಳುತ್ತೇವೆ, ಅಷ್ಟೇ. ಹಾಸನದ ಸಂತೆಯಲ್ಲಿ ಎತ್ತು ಮಾರಲು ಹೋಗಿ ಮಾರದೆ ವಾಪಸು ಹೊಡೆದುಕೊಂಡು ಬಂದ ಕಥೆ. ಮಕ್ಕಳಿಗೆ ಬಾಯಿಪಾಠ.

ಇನ್ನೊಂದು. ನವೆಂಬರ್ ಬಂದ ಮೇಲೆ ಬೇಲಿಯ ಬ್ಲ್ಯಾಕ್‌ಬೆರಿ ಕಿತ್ತು ತಿನ್ನಬೇಡಿ. ಪೂಕಾ ಎಂಬ ಕಿಡಿಗೇಡಿ ಭೂತ ಸೌಇನ್ ರಾತ್ರಿ ಅವುಗಳ ಮೇಲೆ ಉಗುಳಿ ಹೋಗಿರುತ್ತಾನಂತೆ. ನನ್ನ ಮಗ ಎರಡು ವರ್ಷದಿಂದ ಒಂದನ್ನೂ ಮುಟ್ಟಿಲ್ಲ. ಮಾರನೇ ದಿನ ರಾಜ್ಯೋತ್ಸವಕ್ಕೆ ಬಂದವರ ಕೈಯಿಂದಲೂ ಕಿತ್ತು ಬಿಸಾಡುತ್ತಾನೆ.